ಚಿಕ್ಕಪ್ಪನ ಕಾಲು ಸರಿಯಾಯ್ತಂತೆ!

ಅಲ್ಲ ಮಾರಾಯ್ರೆ, ಎರಡನೇ ವರ್ಷಕ್ಕೆ ಪೋಲಿಯೋ ಬಂದು ಸಪೂರ ಆದ ಕಾಲು ಅರುವತ್ತರ ಪ್ರಾಯದಲ್ಲಿ ತನ್ನಷ್ಟಕ್ಕೆ ಸರಿ ಆಗ್ತದಾ? ಆಗ್ತದಂತೆ! ಹಿಂದಿನ ಸರ್ತಿ ಡಾಕ್ಟರು ಸರ್ಟಿಫಿಕೇಟಿನಲ್ಲಿ ಚಿಕ್ಕಪ್ಪನಿಗೆ ಅಂಗವೈಕಲ್ಯ ಶೇ. 45 ಅಂತ ಬರೆದಿದ್ರು. ಇವತ್ತು ಮಂಗಳೂರಲ್ಲಿ ಬೇರೊಬ್ಬ ಡಾಕ್ಟರು ನೋಡಿ ಶೇ. 38 ಅಂದ್ರು. 40ಕ್ಕಿಂತ ಕೆಳಗಿಳಿದರೆ ಅಂಗವಿಕಲರ ಪಿಂಚಣಿಗೆ ಎಳ್ಳುನೀರು. ಕಾಲು ಅದೇ, ಕೋಲು ಅದೇ, ನೋಡುವ ಕಣ್ಣು ಮಾತ್ರ ಬೇರೆ.

"ನಡೀತೀರಲ್ಲ!" ಅಂತ ಬೇರೆ ಹೇಳಿದ್ರು. ನಡೆಯದೆ ಮತ್ತೆಂತ, ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಹಾರಿಕೊಂಡು ಬರ್ಬೇಕಿತ್ತಾ?

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಉಂಟು. ಇವರ ಲೆಕ್ಕದಲ್ಲಿ ಎರಡೇ: ಗಾಲಿಕುರ್ಚಿ, ಕಪ್ಪು ಕನ್ನಡಕ. ನೆರೆಮನೆಯ ತಲಸ್ಸೇಮಿಯಾ ಅನ್ನುವ ರಕ್ತದ ಕಾಯಿಲೆಯ ಹುಡುಗನಿಗೆ "ನೋಡ್ಲಿಕ್ಕೆ ಚಂದ ಇದ್ದೀಯಲ್ಲ, ನಿನಗೆಂತ ಆಗಿದೆ?" ಅಂತ ಕೇಳಿದವರೂ ಇದ್ದಾರೆ. ರಕ್ತವನ್ನು ಬಾಟ್ಲಿಯಲ್ಲಿ ತಂದು ತೋರಿಸ್ಬೇಕಿತ್ತೋ ಏನೋ.

ಕಾಗದಪತ್ರದ ಕಥೆ ಕೇಳ್ಬೇಡಿ. ಒಂದು ಮೇಜಿಗೆ ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ) ಸಾಕು, ಪಕ್ಕದ ಮೇಜಿಗೆ ಹಳೇ ಸರ್ಟಿಫಿಕೇಟೂ ಬೇಕು, ಮೂರನೆಯವರಿಗೆ ಆಧಾರಿನ ಇನಿಶಿಯಲ್ಲೇ ತಲೆನೋವು. ಇವರಿಗೆಲ್ಲ ತರಬೇತಿ ಅಂತ ಒಂದು ಆಗಿದೆಯಾ? ಆಗಿದ್ರೆ ಎಲ್ಲರಿಗೂ ಒಂದೇ ಪಾಠವಾ, ಇಲ್ಲ ಅರ್ಧ ಮಂದಿ ಊಟದ ಹೊತ್ತಿಗೇ ಎದ್ದು ಬಂದ್ರಾ?

ವಾಪಸ್ ಬರುವಾಗ ಬಸ್ಸಿನ ಕಂಡಕ್ಟರ್ ಒಮ್ಮೆ ನೋಡಿದ್ದೇ, ಮುಂದಿನ ಸೀಟು ಖಾಲಿ ಮಾಡಿಸಿ ಚಿಕ್ಕಪ್ಪನನ್ನು ಕೂರಿಸಿದ. ಅವನಿಗೆ ಯಾವ ಊರಲ್ಲಿ ಟ್ರೈನಿಂಗ್ ಆದದ್ದೋ!