0.98 ಹಾಕಿ ನೋಡಪ್ಪ

ಗಾಳಿಯ ವಕ್ರೀಭವನ ಸೂಚ್ಯಂಕ ಹೆಚ್ಚುಕಡಿಮೆ 1. ಹೈಸ್ಕೂಲ್ ಮಕ್ಕಳಿಗೂ ಗೊತ್ತು. ಕಣಗಳು ವಸ್ತುವಿನೊಳಗೆ ಹೇಗೆ ಸಾಗುತ್ತವೆ ಎಂದು ಲೆಕ್ಕ ಹಾಕುವ ಜಿಯಾಂಟ್4 ಎಂಬ ಕಂಪ್ಯೂಟರ್ ಪ್ರೋಗ್ರಾಂಗೆ ಮಾತ್ರ ನಾವೇ ಬರೆದು ಹೇಳಬೇಕು. ಹೇಳದಿದ್ದರೆ, ವಿಕಿರಣ ಬಿದ್ದಾಗ ಮಿನುಗುವ ಹರಳಿನಿಂದ ಹೊರಟ ಫೋಟಾನ್, ಅಂದರೆ ಬೆಳಕಿನ ಕಣ, ಗಾಳಿಯ ಅಂಚಿಗೆ ಬಂದು ಅಲ್ಲೇ ಪ್ರಾಣ ಬಿಡುತ್ತದೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ರಾತ್ರಿಯೆಲ್ಲ ಓಡಿದ ಪ್ರೋಗ್ರಾಂ ಬೆಳಿಗ್ಗೆ ಒಂದು ಸೊನ್ನೆ ಬರೆದಿಟ್ಟು ತಣ್ಣಗೆ ಕೂತಿರುತ್ತದೆ. ಇವತ್ತು ನನಗೆ ಸಿಕ್ಕಿದ್ದು ಅದೇ ಸೊನ್ನೆ. ಕೋಡ್ ಬರೆದ ಪುಣ್ಯಾತ್ಮ ಬೇರೆ ಕೆಲಸ ಹಿಡಿದು ಹೋಗಿ ಎಷ್ಟೋ ಕಾಲವಾಯಿತು.

ಗಾಮಾ ಕಿರಣವಾಗಿದ್ದರೆ ಈ ತಕರಾರಿಲ್ಲ. ಯಾವ ಧಾತು, ಎಷ್ಟು ಸಾಂದ್ರತೆ ಅಂದರೆ ಸಾಕು, ಮಿಕ್ಕಿದ್ದು ಅದೇ ನೋಡಿಕೊಳ್ಳುತ್ತದೆ. ಬೆಳಕಿನ ಫೋಟಾನ್ ಬಂತೋ, ಎಲ್ಲ ನಮ್ಮ ತಲೆಗೆ. ಎಷ್ಟು ದೂರಕ್ಕೆ ಹೀರಿಕೊಳ್ಳುತ್ತೆ, ಮೇಲ್ಮೈ ನುಣುಪೋ ಒರಟೋ, ಹರಳಿಗೆ ಸುತ್ತಿದ ಟೆಫ್ಲಾನ್ ಟೇಪ್ ಎಷ್ಟು ಪ್ರತಿಫಲಿಸುತ್ತೆ. ಕ್ಯಾಟಲಾಗ್‌ನಲ್ಲಿ ಇರುವುದು ತರಂಗಾಂತರ, ನ್ಯಾನೋಮೀಟರಿನಲ್ಲಿ; ಪ್ರೋಗ್ರಾಂನ ಪಟ್ಟಿ ಕೇಳುವುದು ಶಕ್ತಿ, ಎಲೆಕ್ಟ್ರಾನ್ ವೋಲ್ಟಿನಲ್ಲಿ. ಸುಮ್ನೆ 1240ನ್ನು ನ್ಯಾನೋಮೀಟರಿನಿಂದ ಭಾಗಿಸುತ್ತಾ ಕೂರಬೇಕು.

ಇದನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ನಮ್ಮ ಸೀನಿಯರ್ ಸಾಹೇಬರ ಒಂದು ಮಾತು. ಪ್ರೋಗ್ರಾಂ ಲೆಕ್ಕ ಹಾಕಿದ ಬೆಳಕು ಅಸಲಿ ಅಳತೆಗಿಂತ ಕಡಿಮೆ ಬಂತಾ? "ಪ್ರತಿಫಲನ 0.98 ಹಾಕಿ ನೋಡಪ್ಪ." ಅಂದರೆ ಟೇಪಿಗೆ ಬಡಿದ 100 ಫೋಟಾನಿನಲ್ಲಿ 98 ವಾಪಸ್. ಇನ್ನೂ ಕಡಿಮೆಯಾ? "0.99 ಹಾಕಿ." ಜಾಸ್ತಿ ಆಯ್ತಾ? "0.95ಕ್ಕೆ ಇಳಿಸಿ." ಈ ಸಂಖ್ಯೆ ಎಲ್ಲಿಂದ ಬಂತು ಸಾರ್ ಅಂದರೆ, "ಪೇಪರ್‌ನಲ್ಲಿದೆ." ಆ ಪೇಪರ್ ತೆರೆದರೆ ಅದು ಇನ್ನೊಂದು ಪೇಪರ್ ತೋರಿಸುತ್ತದೆ. ಆ ಇನ್ನೊಂದು, ಕ್ಯಾಟಲಾಗ್ ಕಡೆ ಕೈ ತೋರಿಸುತ್ತದೆ. ಕ್ಯಾಟಲಾಗ್‌ನಲ್ಲಿ ಒಂದು ಗ್ರಾಫು, ಕೆಳಗೆ ಸಣ್ಣಕ್ಷರದಲ್ಲಿ "ಅಂದಾಜು".

ತಮಾಷೆಯೆಂದರೆ ಅವರ ಉಪಾಯ ಯಾವಾಗಲೂ ಫಲಿಸುತ್ತದೆ. ಯಾಕೆ ಫಲಿಸಲ್ಲ? ನುಣುಪಾದ ಹರಳಿನೊಳಗೆ ಫೋಟಾನ್ ಗೋಡೆಯಿಂದ ಗೋಡೆಗೆ ಬಡಿದುಕೊಂಡೇ ಇರುತ್ತದೆ. ಟೇಪಿಗೆ 100 ಸಲ ಬಡಿದರೆ, 0.95ರಲ್ಲಿ 100 ಫೋಟಾನಿಗೆ ಒಂದೂ ಉಳಿಯುವುದು ಕಷ್ಟ. 0.98ರಲ್ಲಿ 13 ಉಳಿಯುತ್ತವೆ. 0.99ರಲ್ಲಿ 37. ಬೇಕಾದ ಉತ್ತರ ಕೊಡುವ ತಿರುಪು ಕೈಯಲ್ಲಿರುವಾಗ ಭೌತಶಾಸ್ತ್ರ ಯಾರಿಗೆ ಬೇಕು! ಒಮ್ಮೆ 0.99ಕ್ಕೂ ಲೆಕ್ಕ ಕೂಡಿಬರಲಿಲ್ಲ. ಸಾಹೇಬರು ಗಡ್ಡ ಕೆರೆದುಕೊಂಡು, "1.01 ಹಾಕಿದ್ರೆ?" ಎಂದರು. ಬಿದ್ದ ಬೆಳಕಿಗಿಂತ ಜಾಸ್ತಿ ಬೆಳಕನ್ನು ವಾಪಸ್ ಕೊಡುವ ಟೇಪು! ಸಾರ್, ಅಂಥದ್ದು ಸಿಕ್ಕರೆ ಹರಳು ಯಾಕೆ, ವಿದ್ಯುತ್ ಸ್ಥಾವರವನ್ನೇ ಕಟ್ಟಬಹುದಲ್ವಾ ಅಂದೆ. ಅವರು ನಗಲಿಲ್ಲ. "ಟ್ರೈ ಮಾಡೋದಕ್ಕೇನು?" ಎಂದರು.

ಥ್ಯಾಲಿಯಂ ಬೆರೆಸಿದ ಸೋಡಿಯಂ ಅಯೊಡೈಡ್‌ನಲ್ಲಿ 1 ಮೆಗಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬಿದ್ದರೆ ಸುಮಾರು 38,000 ಫೋಟಾನ್‌ಗಳು ಹುಟ್ಟುತ್ತವೆ, ನೇರಳೆ ಬಣ್ಣದ ಆಸುಪಾಸಿನಲ್ಲಿ. ಕಂಪ್ಯೂಟರಿನಲ್ಲಿ ಪ್ರತಿಯೊಂದರ ಹುಟ್ಟು ಸಾವು ನನಗೆ ಗೊತ್ತು. ಅಸಲಿ ಹರಳು ಪಕ್ಕದ ಕೋಣೆಯಲ್ಲಿ ಕಪ್ಪು ಪೆಟ್ಟಿಗೆಯೊಳಗಿದೆ. ಅದು ಮಿನುಗಿದ್ದನ್ನು ನಾನು ಒಮ್ಮೆಯೂ ಕಣ್ಣಾರೆ ಕಂಡಿಲ್ಲ. ಅಷ್ಟು ಮಂದ ಬೆಳಕು ಕಣ್ಣಿಗೆ ಕಾಣುವುದೂ ಇಲ್ಲ ಬಿಡಿ. ಆದರೂ ಬೇಜಾರು.

ಕೊನೆಗೆ ಸಾಹೇಬರನ್ನೇ ಕೇಳಿದೆ, ಅಳತೆ ಮಾಡುವಾಗ ಟೇಪ್ ಎಷ್ಟು ಸುತ್ತು ಸುತ್ತಿದ್ದಿರಿ ಸಾರ್? ಸುತ್ತು ಹೆಚ್ಚಾದಂತೆ ಪ್ರತಿಫಲನವೂ ಹೆಚ್ಚುತ್ತದೆ, ಅದಕ್ಕೇ ಕೇಳಿದ್ದು. ಅವರು ಮೇಲೆ ನೋಡಿದರು. "ಎರಡೋ ಮೂರೋ ಇರಬೇಕು. ಯಾರು ಬರೆದಿಟ್ಟಿದ್ದಾರೆ? ನೀನು ದಶಾಂಶದ ಮೂರನೇ ಸ್ಥಾನದವರೆಗೂ ಸರಿಮಾಡು."