ಮಾವನ ಜಿಪಿಎಸ್‌ನ ‘ಕಲ್ಲು’ಗಳು, ನಾರ್ವೆಯ ಹವಳ

ಮಲ್ಪೆಯಲ್ಲಿ ನನ್ನ ಸೋದರಮಾವ ಕಡಲ ತಳದಲ್ಲಿ ಬಲೆ ಎಳೆಯುವ ಟ್ರಾಲ್ ಬೋಟಿನ ತಾಂಡೇಲರು, ಅಂದರೆ ಬೋಟು ನಡೆಸುವವರು. ಅವರ ಜಿಪಿಎಸ್ ತುಂಬ ‘ಕಲ್ಲು’ ಎಂದು ಹಾಕಿಟ್ಟ ಗುರುತುಗಳು. ಎಲ್ಲ ಬಲೆ ಸಿಕ್ಕಿ ಹರಿದ ಜಾಗಗಳು, ಮತ್ತೆ ಅಲ್ಲಿ ಬಲೆ ಬಿಡುವುದಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಬಲೆಯಲ್ಲಿ ಬೀಸಣಿಗೆಯ ಹಾಗೆ ಹರಡಿಕೊಂಡ ಕೆಂಪು ಕಡ್ಡಿಯೊಂದು ಬಂದಿತ್ತು. “ಗಿಡ ಅಲ್ಲ ಮಾರಾಯಾ, ಜೀವ ಉಂಟು ಅದಕ್ಕೆ” ಅಂದರು. ಮನೆಗೆ ತರುವಷ್ಟರಲ್ಲಿ ಬಣ್ಣ ಮಾಸಿ, ಮುಟ್ಟಿದರೆ ಉದುರುತ್ತಿತ್ತು.

ನಾರ್ವೆಯ ಕಥೆ ಓದುವಾಗ ಅದೇ ನೆನಪಾಯಿತು. ಅಲ್ಲಿ ಬಿಸಿಲೇ ತಲುಪದ ಆಳದಲ್ಲಿ ಲೋಫೀಲಿಯಾ ಎಂಬ ಹವಳ ಬೆಳೆಯುತ್ತದೆ. ಹರಿವು ತಂದುಕೊಟ್ಟದ್ದೇ ಅದಕ್ಕೆ ಆಹಾರ. ಬೆಳೆಯುವುದು ವರ್ಷಕ್ಕೆ ಕೆಲವೇ ಮಿಲಿಮೀಟರ್, ಹೆಚ್ಚೆಂದರೆ ಎರಡೂವರೆ ಸೆಂಟಿಮೀಟರ್. ಸಾವಿರಾರು ವರ್ಷಗಳಲ್ಲಿ ಎದ್ದ ದಿಬ್ಬವನ್ನು ಟ್ರಾಲ್ ಬಲೆಯ ಭಾರದ ಹಲಗೆಗಳು ಒಂದೇ ಎಳೆತಕ್ಕೆ ಪುಡಿ ಮಾಡುತ್ತವೆ. 1990ರ ದಶಕದಲ್ಲಿ ಇದನ್ನು ಮೊದಲು ಹೇಳಿದವರು ಗಾಳ ಹಾಕುವ ಅಲ್ಲಿಯ ಮೀನುಗಾರರೇ. ಸಂಶೋಧಕರು ಕ್ಯಾಮೆರಾ ಇಳಿಸಿದರು. ಮುರಿದ ಹವಳ, ಟ್ರಾಲ್ ಎಳೆದ ಗೆರೆಗಳು ಕಂಡವು. ನಾರ್ವೆಯ ಹವಳದಲ್ಲಿ ಶೇ. 30ರಿಂದ 50ರಷ್ಟಕ್ಕೆ ಪೆಟ್ಟು ಬಿದ್ದಿದೆ ಎಂದು 2002ರಲ್ಲಿ ಅಂದಾಜಿಸಿದರು. ಹವಳವನ್ನು ಕಾಯಲು 1999ರಲ್ಲೇ ಕಾನೂನು ಬಂದಿತ್ತು. ಆದರೆ ಎಲ್ಲಿದೆ ಎಂದೇ ಗೊತ್ತಿಲ್ಲದ ದಿಬ್ಬವನ್ನು ಕಾನೂನು ಹೇಗೆ ಕಾದೀತು? ಸುಮಾರು 35 ಕಿಲೋಮೀಟರ್ ಉದ್ದದ ರೋಸ್ಟ್ ದಿಬ್ಬ ಪತ್ತೆಯಾದದ್ದೇ 2002ರಲ್ಲಿ. ಮರುವರ್ಷವೇ ಅಲ್ಲಿ ತಳಕ್ಕೆ ತಾಗುವ ಟ್ರಾಲ್ ನಿಷೇಧವಾಯಿತು.

ಹಡಗಿನಿಂದ ಶಬ್ದ ಕಳಿಸಿ ಪ್ರತಿಧ್ವನಿ ಅಳೆದರೆ ದಿಬ್ಬದ ಆಕಾರ ಸಿಗುತ್ತದೆ. ಅದು ಬಂಡೆಯೋ ಹವಳವೋ ತಿಳಿಯಲು ಕ್ಯಾಮೆರಾ ಇಳಿಸಲೇಬೇಕು. ದುಬಾರಿ ಕೆಲಸ. ನಮ್ಮ ಕಡಲಿನಲ್ಲಿ ಎಲ್ಲಿ ಇಳಿಸಬೇಕು ಎಂಬುದಕ್ಕೆ ತಾಂಡೇಲರ ಗುರುತುಗಳಿಗಿಂತ ಒಳ್ಳೆಯ ಆರಂಭ ಬೇಕೇ? ನಮ್ಮ ದೇಶದಲ್ಲಿ ಯಾಂತ್ರಿಕ ಮೀನುಗಾರಿಕೆಗೆ ದೊಡ್ಡ ತಳ್ಳು ಕೊಟ್ಟದ್ದು 1950ರ ದಶಕದ ಇಂಡೋ-ನಾರ್ವೇಜಿಯನ್ ಯೋಜನೆ. ಕೇರಳದ ನೀಂಡಕರದಲ್ಲಿ ಶುರುವಾಗಿ ಮುಂದೆ ಕಾರವಾರಕ್ಕೂ ಬಂತು. ಅವರಿಂದ ಬೋಟು ಕಲಿತೆವು. ತಮ್ಮ ಕಡಲಿನಲ್ಲಿ ಅವರು ತಿದ್ದಿಕೊಂಡದ್ದನ್ನೂ ಕಲಿಯಬೇಕು, ಮುರಿದ ಮೇಲಲ್ಲ, ಈಗಲೇ.

ಮಾವನಿಗೆ ಇದನ್ನೆಲ್ಲ ಹೇಳಿದೆ. “ಗುರುತು ಕೊಟ್ಟರೆ ನಾಳೆ ಆ ಕಡೆಗೇ ಬರಬೇಡಿ ಅಂತಾರೆ, ಆಗ?” ಎಂದು ಕೇಳಿದರು. ನ್ಯಾಯವಾದ ಭಯ. ನಕ್ಷೆ ಮಾಡುವಾಗಲೂ ಗಡಿ ಎಳೆಯುವಾಗಲೂ ಅವರನ್ನು ಕೂರಿಸಿಕೊಳ್ಳದಿದ್ದರೆ ಯಾವ ತಾಂಡೇಲರೂ ಬಾಯಿ ಬಿಡುವುದಿಲ್ಲ, ಬಿಡಲೂಬಾರದು. “ಆ ಕಲ್ಲುಗಳ ಮೇಲೆ ನೀವು ಹೇಗೂ ಬಲೆ ಬಿಡುವುದಿಲ್ಲವಲ್ಲ ಮಾವ” ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಹಳೆಯ ಜಿಪಿಎಸ್ ಕೆಟ್ಟಾಗ ಅರ್ಧ ಗುರುತುಗಳು ಅದರ ಜೊತೆಗೇ ಹೋದವಂತೆ. ಉಳಿದವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ, ಉಪ್ಪುನೀರು ತಾಗಿ ಅದರಲ್ಲೂ ಕೆಲವು ಅಂಕಿಗಳು ಕಾಣುತ್ತಿಲ್ಲ.