ಬಾರದ ರೈಲಿಗೊಂದು ವಾಕಿಂಗ್ ಟ್ರ್ಯಾಕ್

ನ್ಯೂಯಾರ್ಕ್‌ನಲ್ಲಿ ಒಂದು ರೈಲು ಹಾದಿ ಇತ್ತು, ಬೀದಿಯ ಮೇಲೆ ಕಂಬಗಳ ಮೇಲೆ ಕೂತದ್ದು. 1980ರಲ್ಲಿ ಕೊನೆಯ ಗೂಡ್ಸ್ ಗಾಡಿ ಹೋಯಿತು. ಹಳಿ ತುಂಬಾ ಹುಲ್ಲು ಬೆಳೆಯಿತು. 2009ರಿಂದ ಅದರ ಮೇಲೆ ಜನ ವಾಕಿಂಗ್ ಮಾಡುತ್ತಿದ್ದಾರೆ. ಇಂಗ್ಲೆಂಡಿನ ಬ್ರಿಸ್ಟಲ್‌ನಿಂದ ಬಾತ್‌ವರೆಗೂ ಇಂಥದೇ ಹಳೇ ಹಾದಿ ಇದೆ, ಅಲ್ಲಿ ಸೈಕಲ್ಲೂ ಹೊಡೆಯುತ್ತಾರೆ.

ಮುಧೋಳದ ಚಹಾದಂಗಡಿಯಲ್ಲಿ ಇದನ್ನು ಹೇಳಿದರೆ ಕಾಕಾ ನಕ್ಕರು. "ಮೊದಲ ರೈಲು ಓಡಿಸಿ, ಆಮ್ಯಾಲ ನಡಿಯೂ ಹಾದಿ ಮಾಡ್ಯಾರೇನು? ಅಷ್ಟ್ಯಾಕ ತ್ರಾಸ ತಗೊಂಡಾರಪಾ?"

ಕಾಕಾ ಹೇಳಿದ್ದು ಸುಳ್ಳಲ್ಲ. ನಮ್ಮ ಬಾಗಲಕೋಟೆ–ಕುಡಚಿ ಮಾರ್ಗವನ್ನೇ ನೋಡಿ. 2010–11ರಲ್ಲಿ ಮಂಜೂರಾಯಿತು, ಸುಮಾರು 142 ಕಿ.ಮೀ. ಬಾಗಲಕೋಟೆಯಲ್ಲಿ ಮೊದಲೇ ರೈಲಿತ್ತು, ಅದು ಗದಗ–ಹೋಟಗಿ ಮಾರ್ಗ. ಕುಡಚಿಯಲ್ಲೂ ಇತ್ತು, ಅದು ಬೆಳಗಾವಿ–ಮಿರಜ್ ಮಾರ್ಗ. ರೊಟ್ಟಿಯ ಅಂಚು ಎರಡೂ ಕಡೆ ಬೆಂದಿದೆ, ನಡುವೆ ಹಸಿ ಹಿಟ್ಟು. ಆ ಹಸಿ ಹಿಟ್ಟೇ ನಾವು, ಮುಧೋಳದವರು. ಬಾಗಲಕೋಟೆ ಕಡೆಯಿಂದ ಖಜ್ಜಿಡೋಣಿವರೆಗೆ ಹಳಿ ಬಂದಾಗ ಪೇಢಾ ಹಂಚಿದ್ದೂ ಹಂಚಿದ್ದೇ. ಮಂಜೂರಾದ ವರ್ಷ ಹುಟ್ಟಿದ ಹುಡುಗರಿಗೆ ಈಗ ಮೀಸೆ ಚಿಗುರಿದೆ.

ಹಾಗಾಗಿ ನನ್ನದೊಂದು ಅರ್ಜಿ. ಪರದೇಶದವರು ರೈಲು ನಿಂತ ಮೇಲೆ ಮಾಡಿದ್ದನ್ನು ನಾವು ರೈಲು ಬರುವ ಮೊದಲೇ ಮಾಡಿ ಮುಗಿಸೋಣ. ಹಳಿ ಕೀಳುವ ಖರ್ಚಂತೂ ಉಳಿಯಿತು, ಅಲ್ವಾ? ರೈಲಿಗೆ ದಿಬ್ಬ ಏರುವುದು ಕಷ್ಟ, ಅದಕ್ಕೇ ತಗ್ಗಿಗೆ ಮಣ್ಣು ತುಂಬಿ, ಏರು ಕಡಿದು ಹಾದಿಯನ್ನು ಹದ ಮಾಡುತ್ತಾರೆ. ಮೊಣಕಾಲು ನೋವಿನ ಹಿರಿಯರಿಗೆ ಇನ್ನೇನು ಬೇಕು? ನಾಲ್ಕು ಕಿಲೋಮೀಟರಿಗೊಂದು ಸ್ಟೇಷನ್, ಅಂದರೆ ಗಿರಮಿಟ್ಟಿನ ಗಾಡಿ. ಲೇಟಾಗಿ ಬಂದವರಿಗೆ ಅನೌನ್ಸ್‌ಮೆಂಟ್ ಇಲ್ಲ. ಉದ್ಘಾಟನೆ ಬೇಕಾದಷ್ಟು ಸಲ ಮಾಡಬಹುದು, ರಿಬ್ಬನ್ ಮಾತ್ರ ಜಾಸ್ತಿ ತರಬೇಕು. 'ರೈಲು ಬಂದರೆ ಪಕ್ಕಕ್ಕೆ ಸರಿಯಿರಿ' ಅಂತ ಒಂದು ಬೋರ್ಡೂ ಇರಲಿ. ಸುಮ್ನೆ, ಶೋಭೆಗೆ.

ಒಂದೇ ಅಂಜಿಕೆ, ಕಬ್ಬಿನ ಸೀಸನ್. ಸಮನಾದ ಹಾದಿ ಕಂಡರೆ ಟ್ರ್ಯಾಕ್ಟರ್‌ನವರು ಬಿಡುತ್ತಾರೆಯೇ? ಎರಡು ಡಬ್ಬಿ, ಅಂದರೆ ಟ್ರೇಲರ್, ಕಟ್ಟಿ, ಡೆಕ್‌ನಲ್ಲಿ ಹಾಡು ಹಚ್ಚಿ, ಕಾರ್ಖಾನೆ ಕಡೆ ಹೊರಟೇಬಿಡುತ್ತಾರೆ. ವಾಕಿಂಗ್ ಮಾಡುವವರು ಹೊಲಕ್ಕೆ ಹಾರಬೇಕಾಗುತ್ತದೆ.

ಕಾಕಾಗೆ ಅದರ ಚಿಂತೆಯೂ ಇಲ್ಲ. ಬಸಿಯಲ್ಲಿದ್ದ ಚಹಾ ಸೊರ್ ಅನ್ನಿಸಿ ಹೇಳಿದರು: "ಮುಂದ ಇಂಜಿನ್ ಐತಿ, ಹಿಂದ ಎರಡು ಡಬ್ಬಿ ಅದಾವು. ಅದಕ್ಕ ಹಸಿರು ನಿಶಾನಿ ತೋರಿಸಿಬಿಡ್ರಿ."